ಹದಿಮೂರನೆಯ ಕಾರು

ಜರ್ಮನಿಯಲ್ಲಿ ನೆಕ್ಕರ್ ನದಿಯ ದಂಡೆಯ ಮೇಲೆ ಓಟ್ಮಾರ್ ಎಂಬ ಗುರುವಿನ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಆರು ಜನರ ಒಂದು ಶೆಡ್ಡು. ಅಲ್ಲಿ ಸ್ಪೋರ್ಟ್ಸ್ ಕಾರುಗಳನ್ನು ಕೈಯಿಂದಲೇ ಮಾಡುತ್ತಿದ್ದರು.

ಒಂದು ಮಾದರಿಗೆ ಹನ್ನೆರಡೇ ಕಾರು. ಮರದ ಅಚ್ಚಿನ ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಕಾರಿನ ಮೈ ಮಾಡುವುದು. ಹನ್ನೆರಡನೆಯದು ಹೊರಟ ದಿನ, ಅಚ್ಚು ಮಾಡಿದವನೇ ಅದನ್ನು ಕೊಯ್ದು ಒಲೆಗೆ ಹಾಕಬೇಕು. ಓಟ್ಮಾರ್ ಅವರ ಗುರುಗಳ ಕಾಲದಿಂದ ಬಂದ ಪದ್ಧತಿ ಇದು.

ಶಿಷ್ಯ ಕಿಲಿಯನ್ ಎರಡು ವರ್ಷ ಕೂತು ತನ್ನ ಮೊದಲ ಅಚ್ಚು ಮಾಡಿದ್ದ. ಕೊಯ್ಯುವ ದಿನ ಬಂದಾಗ ಅವನಿಗೆ ಮನಸ್ಸಾಗಲಿಲ್ಲ. ಯಾವುದೋ ಹಳೆಯ ತೊಲೆ ಕೊಯ್ದು ಸುಟ್ಟು, ಅಚ್ಚನ್ನು ನದಿಯ ಪಕ್ಕದ ದೋಣಿಮನೆಯಲ್ಲಿ ಬಚ್ಚಿಟ್ಟ.

ವಾರ ಕಳೆಯುವುದರಲ್ಲಿ ಗಿರಾಕಿಯೊಬ್ಬರು ಅದೇ ಮಾದರಿಯ ಹದಿಮೂರನೆಯ ಕಾರು ಕೇಳಿಕೊಂಡು ಬಂದರು. ಗುರು ಆಗುವುದಿಲ್ಲವೆಂದು ಕಳಿಸಿಬಿಟ್ಟರು. ಕಿಲಿಯನ್‌ಗೆ ತಡೆದುಕೊಳ್ಳಲಾಗಲಿಲ್ಲ.

“ಗುರುಗಳೇ, ಅಚ್ಚು ಇದೆ. ನಾನು ಕೊಯ್ಯಲಿಲ್ಲ.”

“ಗೊತ್ತು. ನಿನ್ನ ಅಚ್ಚು ಲಿಂಡನ್ ಮರದ್ದು. ಅವತ್ತು ಒಲೆಯಲ್ಲಿ ಉರಿದದ್ದು ಪೈನ್. ನನಗೆ ವಯಸ್ಸಾಗಿದೆ, ಮೂಗು ಇನ್ನೂ ಇದೆ.”

“ಅಂಥದ್ದು ಇನ್ನೊಂದು ಸಲ ನನ್ನ ಕೈಲಿ ಆಗುತ್ತೋ ಇಲ್ಲವೋ ಅಂತ ಭಯ.”

ಗುರು ಬೈಯಲಿಲ್ಲ. ಇಬ್ಬರು ಹಿಡಿದು ಎಳೆಯುವ ಉದ್ದನೆಯ ಗರಗಸವನ್ನು ಗೋಡೆಯಿಂದ ಇಳಿಸಿಕೊಂಡು, “ಬಾ” ಎಂದರು. ತನ್ನ ಅಚ್ಚನ್ನು ಕೊಯ್ಯಲೆಂದೇ ಹೊರಟಿದ್ದಾರೆ ಅಂದುಕೊಂಡು ಕಿಲಿಯನ್ ಹಿಂದೆ ನಡೆದ.

ಆದರೆ ಅವರು ದೋಣಿಮನೆಯ ಕಡೆ ಹೋಗಲಿಲ್ಲ. ತಮ್ಮ ಹಿತ್ತಲಿನ ಕೊಟ್ಟಿಗೆಗೆ ಹೋಗಿ ಒಂದು ಟಾರ್ಪಾಲು ಎಳೆದರು. ಕೆಳಗೆ ಹಳೆಯ ಅಚ್ಚೊಂದು ಕೂತಿತ್ತು.

“ಇದು ನನ್ನ ಮೊದಲನೆಯದು. ಮೂವತ್ತೆಂಟು ವರ್ಷವಾಯಿತು. ನಾನೂ ಕೊಯ್ಯಲಿಲ್ಲ.”

ಕಿಲಿಯನ್ ಅದರ ಮೇಲೆ ಕೈಯಾಡಿಸಿದ. ಆ ಮೂತಿ, ಆ ಬೆನ್ನಿನ ಇಳಿಜಾರು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಗುರುಗಳೇ, ಆಮೇಲೆ ನೀವು ಮಾಡಿದ ಏಳು ಮಾದರಿಗಳೂ...”

“ಹೇಳು, ಪರವಾಗಿಲ್ಲ.”

“ಇದೇ.”

“ಹೌದು. ಹೊಸದು ಹೊಳೆಯದೇ ಹೋದಾಗಲೆಲ್ಲ ಇಲ್ಲಿಗೆ ಬಂದು ಇದನ್ನು ನೋಡಿಕೊಂಡು ಹೋಗುತ್ತಿದ್ದೆ.”

ಕಿಲಿಯನ್‌ಗೆ ಗುರುವನ್ನು ನೋಡಿ ಅಯ್ಯೋ ಎನಿಸಿತು.

“ನನ್ನದನ್ನು ತರಲೇ?” ಎಂದ.

ಗುರು ಗರಗಸದ ಒಂದು ತುದಿಯನ್ನು ಅವನತ್ತ ಚಾಚಿದರು.

“ಅದು ನಾಳೆಗಿರಲಿ. ಇವತ್ತು ನನ್ನದು. ಒಬ್ಬನ ಕೈಲಿ ಆಗಲಿಲ್ಲ, ಆ ಕಡೆ ಹಿಡಿದುಕೋ.”