ನೂರೆಲೆಯ ಕಟ್ಟು

“ಕೇಳ್ರಪ್ಪೋ ಕೇಳ್ರಿ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಅರಮನೆ ಕಣಜದ ಕೀಲಿಕೈ. ಒಂದು ತಪ್ಪಿದರೂ ತಲೆದಂಡ!”

ಹಾಲುಗಿರಿಯ ಅರಸ ವೀರಮಲ್ಲ ಸಾರಿಸಿದ ಈ ಡಂಗುರ ವೀಳ್ಯದೆಲೆ ಕಟ್ಟುವ ಮಾಚನ ನಿದ್ದೆ ಕೆಡಿಸಿತು. ಯುದ್ಧ ಮುಗಿದು ವರ್ಷವಾದರೂ ಅರಮನೆಯ ಪಡಿ ರಾಗಿ ತಿಂಗಳ ಕೊನೆಯತನಕ ಬರುತ್ತಿರಲಿಲ್ಲ. “ನನಗೆ ಹಸಿವಿಲ್ಲ ಮಗಾ” ಎನ್ನುತ್ತ ಎನ್ನುತ್ತಲೇ ಅವನ ಅವ್ವ ಹಾಸಿಗೆ ಹಿಡಿದಿದ್ದಳು.

ಸಭೆಯಲ್ಲಿ ಅರಸ ಮೊದಲ ಒಗಟು ಹೇಳಿದ: “ನನ್ನ ಆನೆಗಳಲ್ಲಿ ನೂರಕ್ಕೆ ನಲವತ್ತು ಹೆಣ್ಣು. ಹೆಣ್ಣಾನೆಗಳಲ್ಲಿ ಅರ್ಧ ಮುದಿಯಾದವು. ಆ ಮುದಿಯವು ಎಂಟು. ಆನೆಗಳೆಷ್ಟು?”

“ಹದಿನಾರು!” ಎಂದ ಮಂತ್ರಿಯ ಮಗ ರಂಗರಸ. ಹೆಣ್ಣಾನೆಗಳನ್ನಷ್ಟೇ ಎಣಿಸಿ ನಿಂತುಬಿಟ್ಟಿದ್ದ. ಭಟರು ಅವನಿಗೆ ಸಂಕೋಲೆ ತೊಡಿಸಿದರು.

ಪಂಡಿತ ತಿರುಮಲಯ್ಯ ನಲವತ್ತೆಂದು ಗೆದ್ದ. ಎರಡನೆಯದು ಬಂತು: “ಜಿಂಕೆಗಳು ಹಿಂದಿಗಿಂತ ನೂರಕ್ಕೆ ಇಪ್ಪತ್ತೈದು ಹೆಚ್ಚಿ ಎಪ್ಪತ್ತೈದಾಗಿವೆ. ಮೊದಲೆಷ್ಟಿದ್ದವು?”

ಪಂಡಿತ ಎಪ್ಪತ್ತೈದರಲ್ಲೇ ನೂರಕ್ಕೆ ಇಪ್ಪತ್ತೈದು ಕಳೆದ. “ಐವತ್ತಾರೂಕಾಲು.”

“ಮುಕ್ಕಾಲು ಜಿಂಕೆಯನ್ನು ನೀವೇ ತಿಂದಿರಾ ಪಂಡಿತರೇ?” ಎಂದ ಅರಸ. ಎರಡನೇ ಸಂಕೋಲೆ ಬಿತ್ತು.

ಮಾಚ ಮುಂದೆ ಬಂದ. ಕೈಯಲ್ಲಿ ನೂರೆಲೆಯ ಒಂದು ಕಟ್ಟು.

“ಲೆಕ್ಕ ಗೊತ್ತಿಲ್ಲ ಬುದ್ಧೀ. ಎಷ್ಟಿದೆಯೋ ತಿಳೀದಿದ್ರೆ ಒಂದು ಕಟ್ಟು ಅಂದ್ಕೊತೀನಿ. ನೂರಾನೆಯಲ್ಲಿ ನಲವತ್ತು ಹೆಣ್ಣು, ಅದರಲ್ಲಿ ಇಪ್ಪತ್ತು ಮುದಿ. ಇಪ್ಪತ್ತಿರಬೇಕಾದಲ್ಲಿ ಎಂಟಿದ್ರೆ, ನೂರಿರಬೇಕಾದಲ್ಲಿ ನಲವತ್ತು. ನೂರು ಜಿಂಕೆ ನೂರಿಪ್ಪತ್ತೈದಾಗ್ತವೆ. ಇಲ್ಲಿರೋದು ಎಪ್ಪತ್ತೈದು, ಅಂದ್ರೆ ಪ್ರತಿ ಐದರ ಜಾಗದಲ್ಲಿ ಮೂರೇ. ಹಾಗಾದ್ರೆ ಮೊದಲಿದ್ದದ್ದು ಅರವತ್ತು.”

ಅರಸ ಮುಂದೆ ಬಾಗಿದ. “ಯುದ್ಧಕಾಲದಲ್ಲಿ ಪ್ರಜೆಗಳ ಪಡಿಯನ್ನು ನೂರಕ್ಕೆ ಇಪ್ಪತ್ತು ಇಳಿಸಿದೆ. ಗೆದ್ದ ಮೇಲೆ ನೂರಕ್ಕೆ ಇಪ್ಪತ್ತು ಏರಿಸಿದೆ. ಅವರಿಗೆ ನಾನೆಷ್ಟು ಬಾಕಿ?”

‘ಏನೂ ಇಲ್ಲ’ ಎಂಬ ಉತ್ತರ ಅರಸನ ಮುಖದಲ್ಲೇ ಇತ್ತು. ಅದನ್ನೇ ಹೇಳಿದರೆ ಜೀವ ಉಳಿಯುತ್ತಿತ್ತು. ಮಾಚನಿಗೆ ಅವ್ವನ ಖಾಲಿ ತಟ್ಟೆ ನೆನಪಾಯಿತು.

“ನೂರಕ್ಕೆ ನಾಲ್ಕು, ಬುದ್ಧೀ.”

“ತಪ್ಪು!” ಅರಸ ಎದ್ದು ನಿಂತ. ತಲೆ ಕಡಿಯುವ ಭಟ ಕತ್ತಿ ಎತ್ತಿದ.

“ತಲೆ ಆಮೇಲೆ ತೆಗೀರಿ. ಮೊದಲು ನೀವೇ ಎಣಿಸಿ.” ಮಾಚ ಕಟ್ಟು ಬಿಚ್ಚಿಟ್ಟ.

ಅರಸ ಇಪ್ಪತ್ತೆಲೆ ಕೈಗೆತ್ತಿಕೊಂಡ. ಎಂಬತ್ತು ಉಳಿದವು.

“ಈಗಿರೋದು ಎಂಬತ್ತು. ಏರಿಸೋದೂ ಎಂಬತ್ತರ ಲೆಕ್ಕದಲ್ಲೇ. ಹದಿನಾರು ಮಾತ್ರ ವಾಪಸ್ ಬರ್ತವೆ.”

ಅರಸ ಒಂದೊಂದೇ ಹದಿನಾರನ್ನು ಮರಳಿಟ್ಟ. ಕೈಯಲ್ಲಿ ನಾಲ್ಕೆಲೆ ಉಳಿದವು. ಅವನ್ನು ಮಾಚನತ್ತ ಚಾಚಿದ.

“ಈ ನಾಲ್ಕನ್ನು ಯಾರು ತಿಂದರು?”

“ಯಾರೂ ಇಲ್ಲ ಬುದ್ಧೀ. ನಮ್ಮವ್ವ ತಿನ್ನದೇ ಬಿಟ್ಟದ್ದು ಅದು.”

ಅರಸ ಕೂತ. ತಪ್ಪಿದ್ದಕ್ಕೆ ತಲೆದಂಡವಾದರೆ ಮೊದಲು ತನ್ನದೇ ಎಂದುಕೊಂಡನೋ ಏನೋ, ಸಂಕೋಲೆಗಳನ್ನು ಬಿಚ್ಚಿಸಿ ಕೀಲಿಕೈಯನ್ನು ತಾನೇ ಮಾಚನ ಕೈಗಿಟ್ಟ.

ಸಂಜೆಯೊಳಗೆ ಕೇರಿಕೇರಿಗೂ ಕಡಿಮೆಬಿದ್ದ ರಾಗಿ ಸೇರಿತು. ಕೊನೆಗೆ ಮಾಚ ಮನೆಗೆ ಬಂದು ಮುದ್ದೆ ತಿರುವಿ ಬಡಿಸಿದ.

“ನನಗೆ ಹಸಿ—” ಎಂದ ಅವ್ವ ಮಗನ ಮುಖ ನೋಡಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.