ಕರೆ ಹೋಗದ ಹೆಸರು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಪ್ರೋಗ್ರಾಮಿಂಗ್ ಭಾಷೆಯ ಜನರೇಟರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಪುಸ್ತಕದಲ್ಲೇ ಇದೆ. ಭಾಷೆಯನ್ನು ಕಟ್ಟಿದವರು ಅದನ್ನು ಪರೀಕ್ಷಿಸಿಯೇ ಕೊಟ್ಟಿದ್ದಾರೆ. ನಾನು ಮತ್ತೆ ಅದನ್ನೇ ಯಾಕೆ ಪರೀಕ್ಷಿಸಬೇಕು?"

ಗುರುಗಳು ಪ್ರೋಗ್ರಾಮಿಂಗ್ ಕಲಿಸುವವರು. ಜನರೇಟರ್‌ಗಳ ಮೇಲೆ ಇಪ್ಪತ್ತು ಪರೀಕ್ಷೆಗಳನ್ನು ಬರೆದು ತರಲು ಶಿಷ್ಯನಿಗೆ ಹೇಳಿದ್ದರು. ಅವನು ಆರು ಬರೆದು ನಿಲ್ಲಿಸಿದ್ದ.

"ಪುಸ್ತಕದಲ್ಲಿ ಏನಿದೆ, ಹೇಳು" ಎಂದರು ಗುರುಗಳು.

"ಹೆಸರುಗಳ ಪಟ್ಟಿಯಾದರೆ ಎಲ್ಲವೂ ಒಟ್ಟಿಗೆ ಇರುತ್ತವೆ. ಎಷ್ಟು ಸಲ ಬೇಕಾದರೂ ಓದಬಹುದು. ಜನರೇಟರ್ ಹಾಗಲ್ಲ. ಕೇಳಿದಾಗ ಒಂದು ಹೆಸರು ಕೊಡುತ್ತದೆ. ಮತ್ತೆ ಕೇಳಿದರೆ ಅದರ ಮುಂದಿನದು. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಮುಗಿದರೆ ಮುಗಿಯಿತು."

"ಸರಿಯಾಗಿಯೇ ಹೇಳಿದೆ. ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ರಕ್ತನಿಧಿಯಿತ್ತು. ಊರಿನ ರಕ್ತದಾನಿಗಳ ಹೆಸರುಗಳನ್ನು ಅಲ್ಲಿ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದರು. ರಕ್ತ ಬೇಕಾದಾಗ ನೌಕರನೊಬ್ಬ ಪುಟ ತಿರುವಿ, ಆ ಗುಂಪಿನವರನ್ನು ಹುಡುಕಿ, ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ. ಅದರಲ್ಲೇ ಹೊತ್ತು ಹೋಗುತ್ತಿತ್ತು. ಆದ್ದರಿಂದ ರಕ್ತನಿಧಿಯ ಅಧಿಕಾರಿ ಒಂದು ಪ್ರೋಗ್ರಾಂ ಬರೆಸಿದ. ಕಂಪ್ಯೂಟರಿನಲ್ಲಿ ರಕ್ತದ ಗುಂಪನ್ನು ಒತ್ತಿದರೆ ಸಾಕು. ಪ್ರೋಗ್ರಾಂ ಆ ಗುಂಪಿನ ದಾನಿಗಳನ್ನು ಹುಡುಕಿ, ಆಸ್ಪತ್ರೆಗೆ ಹತ್ತಿರ ಇರುವವರಿಂದ ಶುರುಮಾಡಿ, ಎಲ್ಲರಿಗೂ ತಾನೇ ಕರೆ ಮಾಡಬೇಕು.

ಪ್ರೋಗ್ರಾಂ ಬರೆದವನು ಒಬ್ಬ. ದಾನಿಗಳ ಹೆಸರುಗಳು ಜನರೇಟರಿನಿಂದ ಒಂದೊಂದಾಗಿ ಬರುವಂತೆ ಅವನು ಬರೆದಿದ್ದ. ಅದನ್ನು ಪರೀಕ್ಷಿಸುವವಳು ಇನ್ನೊಬ್ಬಳು. ಅವಳು ಆ ಕೆಲಸದಲ್ಲಿ ಒಂಬತ್ತು ವರ್ಷ ಪಳಗಿದವಳು. ಅವಳು ಮೇಜಿನ ಮೇಲೆ ಐದು ಫೋನುಗಳನ್ನು ಸಾಲಾಗಿ ಇಟ್ಟು, ಐದರ ನಂಬರನ್ನೂ ದಾನಿಗಳ ಹೆಸರಿನಲ್ಲಿ ಸೇರಿಸಿ, ಗುಂಪನ್ನು ಒತ್ತಿದಳು. ಐದೂ ಫೋನುಗಳು ರಿಂಗಾದವು.

ಒಪ್ಪಿಸುವ ಹಿಂದಿನ ದಿನ ಅಧಿಕಾರಿ ಒಂದು ಮಾತು ಹೇಳಿದ. ಊರಿನಲ್ಲಿ ಆ ಗುಂಪಿನ ದಾನಿ ಒಬ್ಬರೂ ಇಲ್ಲದಿದ್ದರೆ ಅದು ಕೂಡಲೇ ತಿಳಿಯಬೇಕು. ಆಗ ಕಾಯುತ್ತ ಕೂರದೆ ಪಕ್ಕದ ನಗರಕ್ಕೆ ಗಾಡಿ ಕಳಿಸಬಹುದು. ಮಾತು ನ್ಯಾಯವಾಗಿತ್ತು. ಕರೆ ಮಾಡುವ ಮೊದಲು ಯಾರಾದರೂ ಇದ್ದಾರೆಯೇ ಎಂದು ನೋಡುವ ಒಂದು ಸಾಲನ್ನು ಪ್ರೋಗ್ರಾಂ ಬರೆದವನು ಸೇರಿಸಿದ.

ಅವಳು ಮತ್ತೆ ಐದು ಫೋನು ಇಟ್ಟು ಒತ್ತಿದಳು. ದಾನಿಗಳಿದ್ದಾರೆ ಎಂದು ಪರದೆಯ ಮೇಲೆ ಬಂತು. ನಾಲ್ಕು ಫೋನುಗಳು ರಿಂಗಾದವು. ಮೊದಲನೆಯದು ರಿಂಗಾಗಲಿಲ್ಲ.

ಅವಳು ಅದನ್ನು ಕೈಗೆತ್ತಿಕೊಂಡು ನೋಡಿದಳು. ಹಳೆಯ ಫೋನು. ಸಿಗ್ನಲ್ಲಿನ ಎರಡು ಗೆರೆ ಮಾತ್ರ ಇದ್ದವು.

"ಆ ಫೋನು ಬೆಳಿಗ್ಗೆಯಿಂದ ಹಾಗೇ ಮಾಡ್ತಿದೆ" ಎಂದ ಪ್ರೋಗ್ರಾಂ ಬರೆದವನು.

ಇರಬಹುದು ಎಂದುಕೊಂಡಳು. ಹೊರಗೆ ಅಧಿಕಾರಿ ಕಾಗದ ಹಿಡಿದು ಕಾಯುತ್ತಿದ್ದ. ಎರಡು ಫೋನುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಒತ್ತಲು ಎರಡು ನಿಮಿಷವೂ ಬೇಕಿರಲಿಲ್ಲ. ಅವಳು ಅದನ್ನು ಮಾಡದೆ ಸಹಿ ಹಾಕಿದಳು.

ಏಳು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ರಕ್ತ ಬೇಕೆಂದಾಗ ಅರ್ಧ ಗಂಟೆಯೊಳಗೆ ಯಾರಾದರೂ ಬರುತ್ತಿದ್ದರು. ದಪ್ಪ ಪುಸ್ತಕವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದರು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಒಬ್ಬ ಹೆಂಗಸಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಮಗು ಅತ್ತಿತು, ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಅಪರೂಪದ ಗುಂಪು. ಸಂಗ್ರಹದಲ್ಲಿದ್ದ ಒಂದು ಚೀಲ ರಕ್ತವನ್ನು ಕೊಟ್ಟರು. ಅದು ಸಾಲಲಿಲ್ಲ. ಡಾಕ್ಟರ ಚೀಟಿ ರಕ್ತನಿಧಿಗೆ ಬಂದಾಗ ಗಂಟೆ ಹತ್ತು. ನೌಕರ ಗುಂಪನ್ನು ಒತ್ತಿದ. ಪರದೆಯ ಮೇಲೆ ಬಂತು: ದಾನಿಗಳಿದ್ದಾರೆ.

ಬಾಣಂತಿಯ ತಾಯಿ ಬಾಗಿಲಲ್ಲಿ ನಿಂತಿದ್ದಳು. ನೌಕರ ಅವಳಿಗೆ ಹೇಳಿದ: "ಹೆದರ್ಬೇಡಿ ಅಮ್ಮಾ, ದಾನಿ ಇದ್ದಾರೆ. ಫೋನ್ ಹೋಗಿದೆ, ಬರ್ತಾರೆ."

ತಾಯಿ ಹೊರಬಾಗಿಲ ಬಳಿ ಬೆಂಚಿನ ಮೇಲೆ ಕುಳಿತಳು. ಯಾರು ಒಳಗೆ ಬಂದರೂ ಎದ್ದು ನಿಲ್ಲುತ್ತಿದ್ದಳು. ಔಷಧಿ ತಂದವನು ಬಂದ, ಎದ್ದಳು. ಕಾಲು ಮುರಿದುಕೊಂಡವನನ್ನು ಹೊತ್ತು ತಂದರು, ಎದ್ದಳು. ಹನ್ನೊಂದಕ್ಕೆ ನೌಕರ ಇನ್ನೊಮ್ಮೆ ಒತ್ತಿದ. ಅದೇ ಉತ್ತರ ಬಂತು. ದಾನಿ ಇದ್ದಾರೆ ಎಂದ ಮೇಲೆ ಅವನು ಗಾಡಿ ಕಳಿಸಲಿಲ್ಲ. ಹನ್ನೆರಡಾದಾಗ ಅವನಿಗೆ ದಿಗಿಲಾಯಿತು. ಪಕ್ಕದ ನಗರಕ್ಕೆ ಗಾಡಿ ಓಡಿಸಿದ. ಒಂದೂಕಾಲಿಗೆ ಹೆಂಗಸು ತೀರಿಕೊಂಡಳು. ಗಾಡಿ ಮೂರು ಗಂಟೆಗೆ ಬಂತು.

ಆಸ್ಪತ್ರೆಯ ಹಿಂದೆ ಎರಡು ಬೀದಿ ದಾಟಿದರೆ ಒಬ್ಬ ವೆಲ್ಡಿಂಗ್ ಕೆಲಸದವನ ಅಂಗಡಿ. ಮರುದಿನ ಕಿಟಕಿ ಮಾಡಿಸಲು ಬಂದವರ ಬಾಯಲ್ಲಿ ಅವನು ಈ ಸುದ್ದಿ ಕೇಳಿದ. ಗುಂಪು ಯಾವುದೆಂದು ಕೇಳಿದ. ಹೇಳಿದರು. ಅವನು ಹಿಡಿದ ಕೆಲಸ ಅಲ್ಲೇ ಬಿಟ್ಟು ರಕ್ತನಿಧಿಗೆ ಬಂದು ತನ್ನ ದಾನಿ ಕಾರ್ಡನ್ನು ಮೇಜಿನ ಮೇಲೆ ಇಟ್ಟ.

"ಇದೇ ಗುಂಪಲ್ವಾ? ನಾನು ಇಡೀ ದಿನ ಅಂಗಡೀಲೇ ಇದ್ದೆ. ನನಗ್ಯಾಕೆ ಫೋನ್ ಮಾಡ್ಲಿಲ್ಲ?"

ನೌಕರ ಅಧಿಕಾರಿಯನ್ನು ಕರೆತಂದ. ಅಧಿಕಾರಿ ಪರೀಕ್ಷಿಸಿದವಳನ್ನು ಕರೆಸಿದ. ಅವಳು ಬರುವವರೆಗೆ ವೆಲ್ಡಿಂಗಿನವನು ಕದಲಲಿಲ್ಲ. ಅವಳು ಕಂಪ್ಯೂಟರಿನ ಮುಂದೆ ಕುಳಿತಾಗ ಪಕ್ಕದಲ್ಲೇ ನಿಂತ.

ಅವಳು ಒಂದೇ ಹೆಸರು ಹಾಕಿ ಒತ್ತಿದಳು. ದಾನಿಗಳಿದ್ದಾರೆ ಎಂದಿತು. ಒಂದು ಕರೆಯೂ ಹೋಗಲಿಲ್ಲ. ಐದು ಹೆಸರು ಹಾಕಿದಳು. ನಾಲ್ಕು ಕರೆ ಹೋದವು. ಹೆಸರುಗಳನ್ನು ಹಿಂದುಮುಂದು ಮಾಡಿದಳು. ಈಗಲೂ ಬಿಟ್ಟುಹೋದದ್ದು ಸಾಲಿನ ಮೊದಲ ಹೆಸರೇ.

"ನನ್ನ ಹೆಸರು ಅದರಲ್ಲಿ ಇರ್ಲಿಲ್ವಾ ಮೇಡಂ?" ಎಂದು ಕೇಳಿದ ವೆಲ್ಡಿಂಗಿನವನು.

"ಇತ್ತು. ಆ ಗುಂಪಿಗೆ ಈ ಊರಲ್ಲಿ ನಿಮ್ಮದೊಂದೇ ಇತ್ತು."

"ಮತ್ತೆ?"

"ಪ್ರೋಗ್ರಾಂ ಯಾರಾದ್ರೂ ಇದ್ದಾರಾ ಅಂತ ಮೊದಲು ಒಂದು ಸಲ ಕೇಳುತ್ತೆ. ಹಾಗೆ ಕೇಳಿದಾಗಲೇ ನಿಮ್ಮ ಹೆಸರು ಹೊರಗೆ ಬಂದುಬಿಡ್ತು. ಇದ್ದಾರೆ ಅಂತ ಹೇಳ್ತು. ಫೋನ್ ಮಾಡೋಕೆ ಹೋದಾಗ ಒಳಗೆ ಹೆಸರೇ ಉಳಿದಿರ್ಲಿಲ್ಲ."

ಅವನು ಕೇಳಿದ: "ಇದೊಂದೇ ಸಲಾನಾ?"

ಅವಳು ಹಳೆಯ ದಾಖಲೆ ತೆಗೆದು ನೋಡಿದಳು. ಏಳು ತಿಂಗಳಿಂದ ಪ್ರತಿ ಸಲವೂ ಎಲ್ಲರಿಗಿಂತ ಹತ್ತಿರವಿದ್ದ ದಾನಿಗೆ ಕರೆ ಹೋಗಿರಲಿಲ್ಲ. ಬೇರೆ ಗುಂಪುಗಳಲ್ಲಿ ಎರಡನೆಯವರು, ಮೂರನೆಯವರು ಬಂದಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಇವನ ಗುಂಪು ಇದಕ್ಕೆ ಮೊದಲೂ ಎರಡು ಸಲ ಬೇಕಾಗಿತ್ತು. ಆಗ ಇನ್ನೊಬ್ಬ ದಾನಿ ಊರಲ್ಲಿದ್ದ, ಬಂದಿದ್ದ. ಅವನು ಈಗ ಊರು ಬಿಟ್ಟಿದ್ದ.

"ಇನ್ನೂ ಎರಡು ಸಲ" ಎಂದಳು.

ವೆಲ್ಡಿಂಗಿನವನು ಬೆಂಚಿನ ಮೇಲೆ ಕುಳಿತ. "ಫೋನ್ ಬರ್ಲಿಲ್ಲ ಅಂದ್ರೆ ಊರಲ್ಲಿ ಯಾರಿಗೂ ಆಪತ್ತು ಬಂದಿಲ್ಲ ಅಂದ್ಕೋತಿದ್ದೆ ಮೇಡಂ" ಎಂದ. "ಹಾಗೇ ಇರ್ಲಿ ಅಂತ ಖುಷಿಯಾಗೇ ಇದ್ದೆ."

ಕಾರ್ಡನ್ನು ಎತ್ತಿಕೊಂಡು ಹೋದ.

ಅವನು ಬಂದಿದ್ದರೆ ಆ ಹೆಂಗಸು ಬದುಕುತ್ತಿದ್ದಳು ಎಂದು ಡಾಕ್ಟರು ಹೇಳಲಿಲ್ಲ. ಬದುಕುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಪರೀಕ್ಷಿಸಿದವಳು ಡಾಕ್ಟರನ್ನು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಅವರು ಬಾಗಿಲು ತೆರೆಯಲಿಲ್ಲ.

ಒಂದು ವಾರ ಕಳೆದು ಅವಳು ಸತ್ತವಳ ಮನೆಗೆ ಹೋದಳು. ಯಾರೂ ಹೋಗೆಂದು ಹೇಳಿರಲಿಲ್ಲ. ಅಧಿಕಾರಿ ಬೇಡವೆಂದೇ ಹೇಳಿದ್ದ. ಸತ್ತವಳ ತಾಯಿ ಮಗುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಬಂದವಳು ತಾನು ಯಾರೆಂದು ಹೇಳಿದಳು. ಆದದ್ದನ್ನು ಹೇಳಿದಳು. ಮೇಜಿನ ಮೇಲೆ ಸುಮ್ಮನಿದ್ದ ಫೋನಿನ ಮಾತನ್ನೂ ಮುಚ್ಚಿಡಲಿಲ್ಲ. ತಾಯಿ ಕೊನೆಯವರೆಗೂ ಕೇಳಿದಳು. ಕಂಪ್ಯೂಟರಿನ ಮಾತು ಅವಳಿಗೆ ತಿಳಿಯಲಿಲ್ಲ.

"ಬರ್ತಾರೆ ಅಂದಿದ್ರಲ್ಲಮ್ಮ" ಎಂದಳು, ಅಷ್ಟೇ. ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಗುರುಗಳೇ, ಜನರೇಟರ್ ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ?"

ಗುರುಗಳು ಹೇಳಿದರು: "ಗೊತ್ತಿತ್ತು, ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಅದನ್ನು ಪಾಠ ಹೇಳುತ್ತಿದ್ದವಳೇ ಅವಳು."

ಶಿಷ್ಯ ಏಳನೆಯ ಪರೀಕ್ಷೆ ಬರೆಯತೊಡಗಿದ.