ದೀಪ ಕಂಡ ಮೇಲೂ ಇಳಿಯದ ವಿಮಾನ

“ಗುರುಗಳೇ, ಒಮ್ಮೆ ತೀರ್ಮಾನಿಸಿದ್ದಕ್ಕೆ ಕಟ್ಟುಬೀಳುವವನು ಜಾಣನೋ, ಸಮಯ ಕಂಡು ಮನಸ್ಸು ಬದಲಿಸುವವನು ಜಾಣನೋ?”

ಕೇಳಿದವನು ಚನ್ನವೀರ. ಗುರುಗಳ ಬಳಿ ಹಲವು ವರ್ಷ ಕಲಿತವನು. ಬರುವ ವರ್ಷದಿಂದ ಹೊಳೆಯಾಚೆಯ ಒಂದು ಸಣ್ಣ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಅಲ್ಲಿಯ ಜನಕ್ಕೆ ಮಾತು ಕೊಟ್ಟಿದ್ದ. ಈಗ ಒಂದು ದೊಡ್ಡ ಮಠದಿಂದ ಅವನಿಗೆ ಕರೆ ಬಂದಿತ್ತು. ಅಲ್ಲಿ ಹೆಸರಿತ್ತು, ತುಂಬಿದ ಪಾಠಶಾಲೆ ಇತ್ತು, ಗ್ರಂಥಭಂಡಾರವಿತ್ತು. ಹಳ್ಳಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಪ್ರಶ್ನೆ ಎಲ್ಲಿಂದ ಹುಟ್ಟಿತೆಂಬುದು ಗುರುಗಳಿಗೆ ಗೊತ್ತಿತ್ತು. ಅವರು ಆ ಸುದ್ದಿ ಎತ್ತಲಿಲ್ಲ.

“ಕೂತುಕೋ,” ಎಂದರು. “ಒಬ್ಬ ವರ್ತಕನ ಕತೆ ಹೇಳುತ್ತೇನೆ.”

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಊಟಕ್ಕೆ ಕೂತರೆ ಎರಡನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಎದ್ದು ಹೋಗುತ್ತಿದ್ದ. ಅವನ ಹೆಂಡತಿ ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಳು. ಆದರೆ ಅವನು ಮೋಸಗಾರನಲ್ಲ. ಆತುರಗಾರ, ಅಷ್ಟೇ.

ಚಳಿಗಾಲದಲ್ಲಿ ಹೊಸ ಮಾಲು ಪೇಟೆಗೆ ಬರುತ್ತದೆ. ವರ್ತಕನ ಓಡಾಟವೂ ಆಗಲೇ. ಆ ವರ್ಷ ಅವನು ತನ್ನ ಅಳವಿಗೆ ಮೀರಿ ಮಾಲು ಹಿಡಿದಿದ್ದ. ಕೋಲ್ಡ್ ಸ್ಟೋರೇಜು ತುಂಬಿ ತುಳುಕುತ್ತಿತ್ತು. ಅಷ್ಟನ್ನೂ ಒಂದೇ ಸಲಕ್ಕೆ ಕೊಳ್ಳಬಲ್ಲವನು ಒಬ್ಬನೇ ಇದ್ದ. ಅವನು ದೂರದ ಉತ್ತರದ ಊರಿನ ಒಂದು ಮಸಾಲೆ ಕಾರ್ಖಾನೆಯ ಮುದುಕ ಮಾಲೀಕ.

ಆ ಮುದುಕನದು ವಿಚಿತ್ರ ಪದ್ಧತಿ. ವರ್ಷಕ್ಕೆ ಒಂದು ದಿನ ಕೂರುತ್ತಿದ್ದ. ಬಂದವರ ಮೆಣಸಿನಕಾಯಿಯನ್ನು ತಾನೇ ಮುರಿದು, ಮೂಸಿ, ಬೀಜವನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಏಳುವುದರೊಳಗೆ ಇಡೀ ವರ್ಷದ ಖರೀದಿ ಮುಗಿಸುತ್ತಿದ್ದ. ಎದ್ದಮೇಲೆ ಬಂದವನು ಬೀಗನಾದರೂ ಸರಿ, ಅವನಿಗೆ ಊಟ ಸಿಗುತ್ತಿತ್ತು, ವ್ಯಾಪಾರ ಸಿಗುತ್ತಿರಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ, ಫೋನಿನಲ್ಲಿ ಘಾಟು ಬರುತ್ತದೆಯೇ ಎಂದು ಕೇಳುತ್ತಿದ್ದ.

ವರ್ತಕನಿಗೆ ಆ ದಿನ ತಪ್ಪುವಂತಿರಲಿಲ್ಲ. ತಪ್ಪಿದರೆ ಮಾಲನ್ನು ಚೀಲ ಚೀಲವಾಗಿ ಕಂಡವರಿಗೆ ಸುರಿಯಬೇಕು. ಅವನ ಮಾತು ನಂಬಿ ಮಾಲು ಕೊಟ್ಟ ರೈತರ ಎದುರು ತಲೆ ತಗ್ಗಿಸಬೇಕು. ಆದರೂ ಆತುರದವನ ಬುದ್ಧಿ ನೋಡು. ಹಿಂದಿನ ದಿನ ಸುಮ್ಮನೆ ಹೋಗಿ ಆ ಊರಿನಲ್ಲಿ ಮಲಗುವುದು ಬಿಟ್ಟು, ದಾರಿಯಲ್ಲಿ ಇನ್ನೆರಡು ಊರಿನ ಕೆಲಸವನ್ನೂ ಮುಗಿಸಿಬಿಡೋಣವೆಂದು ಹೊರಟ. ಕೆಲಸವೇನೋ ಮುಗಿಯಿತು. ಬೆಳಗಾಗುವಷ್ಟರಲ್ಲಿ ಉತ್ತರಕ್ಕೆಲ್ಲ ಮಂಜು ಕವಿದು ದೊಡ್ಡ ವಿಮಾನಗಳು ನಿಂತುಹೋದವು.

ಅವನು ಅಲ್ಲಿ ಇಲ್ಲಿ ಓಡಾಡಿ ಒಂದು ಬಾಡಿಗೆ ವಿಮಾನ ಗೊತ್ತುಮಾಡಿದ. ಸಣ್ಣದು. ಅದನ್ನು ನಡೆಸುವವಳು ಒಬ್ಬ ಹೆಂಗಸು. ಪಕ್ಕದಲ್ಲಿ ಒಬ್ಬ ಜೊತೆಗಾರ ಪೈಲಟ್. ಆಕೆ ಧಾರವಾಡದ ಕಡೆಯವಳೆಂದು ತಿಳಿದು ವರ್ತಕನಿಗೆ ಅರ್ಧ ಜೀವ ಬಂತು. ತಮ್ಮ ಕಡೆಯವಳು ಎಂದಮೇಲೆ ಹೇಗಾದರೂ ಮುಟ್ಟಿಸುತ್ತಾಳೆ ಎಂದುಕೊಂಡ.

ಹತ್ತುವ ಮೊದಲೇ ಆಕೆ ಅವನನ್ನು ನಿಲ್ಲಿಸಿ ಹೇಳಿದಳು: “ಸಾಹುಕಾರ್ರ, ಒಂದು ಮಾತು ಈಗ ಹೇಳಿಬಿಡ್ತೀನ್ರಿ. ಅಲ್ಲಿ ಮಂಜು ಭಾಳ ಐತಿ. ಒಂದು ಎತ್ತರದ ತನಕಾ ಇಳಿದು ನೋಡ್ತೀವಿ. ಅಲ್ಲಿಗೆ ಬಂದಾಗ ರನ್‌ವೇ ದೀಪ ಕಂಡ್ರ ಇಳಿತೀವಿ. ಕಾಣಲಿಲ್ಲಂದ್ರ ಮ್ಯಾಲೆ ಏಳತೀವಿ, ಬ್ಯಾರೆ ಊರಿಗೆ ಹೋಗ್ತೀವಿ. ಒಂದ ಸಲ ನೋಡೂದು. ಎರಡನೇ ಸಲಾ ನೋಡಿದ್ರ ಆ ಬ್ಯಾರೆ ಊರು ಮುಟ್ಟಾಕ ಎಣ್ಣಿ ಸಾಲೂದಿಲ್ಲ.”

“ಆತು ಆತವ್ವ, ಮೊದಲ ಹಾರಿಸು,” ಎಂದ ವರ್ತಕ. ಅವನ ಕಿವಿಗೆ ಬಿದ್ದದ್ದು ‘ಇಳಿತೀವಿ’ ಎಂಬ ಒಂದೇ ಮಾತು.

ಅವನ ಕಾಲ ಬಳಿ ಮಾದರಿಯ ಚೀಲಗಳಿದ್ದವು. ಹೊಸ ಮಾಲಿನ ಘಾಟಿಗೆ ಜೊತೆಗಾರ ಪೈಲಟ್ ದಾರಿಯುದ್ದಕ್ಕೂ ಸೀನುತ್ತಿದ್ದ. ವರ್ತಕನಿಗೆ ಅದು ಕೇಳಿ ಸಂತೋಷವಾಯಿತು. ಮುದುಕನೂ ಹೀಗೇ ಸೀನಲಿ ಎಂದು ಬೇಡಿಕೊಂಡ.

ವಿಮಾನ ಇಳಿಯತೊಡಗಿತು. ಮಂಜಿನೊಳಗೆ ಹೊಕ್ಕಿತು. ಕಿಟಕಿಯಾಚೆ ಅರಳೆ ತುರುಕಿದ ಹಾಗೆ ಬೆಳ್ಳಗಾಯಿತು. ರೆಕ್ಕೆಯ ತುದಿಯೂ ಕಾಣಲಿಲ್ಲ. ಅಷ್ಟು ಹೊತ್ತು ವರ್ತಕನಿಗೆ ನೆನಪಿಗೆ ಬಾರದಿದ್ದ ಮನೆಮಂದಿಯೆಲ್ಲ ಆಗ ಒಬ್ಬೊಬ್ಬರಾಗಿ ನೆನಪಾದರು. ಮುಂದೆ ಜೊತೆಗಾರ ಪೈಲಟ್ ಎತ್ತರವನ್ನು ಓದಿ ಹೇಳುತ್ತಿದ್ದ. ಒಂದು ಸಲ ಅವನ ದನಿ ಗಟ್ಟಿಯಾಯಿತು. ಗೊತ್ತುಮಾಡಿದ ಎತ್ತರ ಬಂದಿತ್ತು.

ಆಕೆ ಮುಂದಕ್ಕೆ ನೋಡಿದಳು. ಬರೀ ಬಿಳಿ. “ಮೇಲಕ್ಕೆ,” ಎಂದಳು. ಎಂಜಿನ್ನಿನ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಎಂಜಿನ್ ಮೊರೆಯಿತು.

ಅದೇ ಗಳಿಗೆಗೆ ಮಂಜು ಒಂದಿಷ್ಟು ಹರಿಯಿತು. ವರ್ತಕನ ಕಿಟಕಿಯ ಕೆಳಗೆ ದೀಪಗಳು ಕಂಡವು. ಎರಡು ಸಾಲು. ನಡುವೆ ಒದ್ದೆಯಾದ ಕಪ್ಪು ದಾರಿ. ಅಷ್ಟು ಹತ್ತಿರ, ಅಷ್ಟು ಚೊಕ್ಕ. ಅವನಿಗೆ ಕಣ್ಣೀರೇ ಬಂತು. ಬೆಲ್ಟ್ ಬಿಚ್ಚಿ ಅರ್ಧ ಎದ್ದ.

“ಕಂಡ್ವು ತಂಗಿ, ದೀಪಾ ಕಂಡ್ವು. ಇಳಿಸವ್ವ.”

“ನನಗೂ ಕಂಡ್ವ್ರಿ,” ಎಂದಳು ಆಕೆ. “ಬೆಲ್ಟ್ ಹಾಕ್ಕೊಳ್ರಿ.”

ವಿಮಾನ ಏರಿತು. ದೀಪಗಳು ಮಂಜಿನಲ್ಲಿ ಮುಚ್ಚಿಹೋದವು. ಸ್ವಲ್ಪ ಹೊತ್ತಿಗೆ ಮೇಲೆ ಬಿಸಿಲು ಬಂತು. ಬಿಸಿಲನ್ನು ವರ್ತಕ ಜನ್ಮದಲ್ಲೇ ಅಷ್ಟು ಶಪಿಸಿರಲಿಲ್ಲ.

ಅವರು ಇಳಿದದ್ದು ಬೇರೊಂದು ಊರಿನಲ್ಲಿ. ಅಲ್ಲಿಂದ ಕಾರಿನಲ್ಲಿ ಹೋದರೆ ಕಾರ್ಖಾನೆ ಮುಟ್ಟಲು ಸಂಜೆಯಾಗುತ್ತಿತ್ತು. ನೆಲಕ್ಕೆ ಕಾಲಿಟ್ಟ ಕೂಡಲೇ ವರ್ತಕನ ಫೋನ್ ಬಡಿದುಕೊಂಡಿತು. ಅವನದೇ ಪೇಟೆಯ ಇನ್ನೊಬ್ಬ ವರ್ತಕ, ಅವನ ಎದುರಾಳಿ. ಅವನೂ ಆ ಬೆಳಿಗ್ಗೆ ಬೇರೊಂದು ಬಾಡಿಗೆ ವಿಮಾನ ಹಿಡಿದಿದ್ದ.

“ಎಲ್ಲಿ ಅದೀಯೋ ಮಾರಾಯಾ? ನಮ್ಮ ಪೈಲಟ್ ಅಂದ್ರ ಗಂಡು ನೋಡು. ದೀಪಾ ಕಾಣವಲ್ದು ಅಂದ್ರೂ ಬಿಡಲಿಲ್ಲ. ಇನ್ನೂ ಕೆಳಗ, ಇನ್ನೂ ಕೆಳಗ ಇಳಿಸಿ, ಹುಡುಕಿ ಹಿಡದ. ಇಲ್ಲಿ ಮುದುಕ ಮೆಣಸಿನಕಾಯಿ ಮುರಿಯಾಕ ಹತ್ಯಾನ.”

ವರ್ತಕನ ಮೈ ಉರಿದುಹೋಯಿತು. ಪೈಲಟ್ ಹೆಂಗಸನ್ನು ಹುಡುಕಿಕೊಂಡು ಹೊರಟ. ಆಕೆ ವಿಮಾನ ನಿಲ್ದಾಣದ ಹೊರಗೆ ಒಂದು ಚಹಾದಂಗಡಿಯ ಮುಂದೆ ನಿಂತಿದ್ದಳು. ಅವಳ ಕಿವಿಗೂ ಫೋನ್ ಇತ್ತು. ವಿಮಾನದ ಮಾಲೀಕ ಬೈಯುತ್ತಿದ್ದ. ಗಿರಾಕಿ ಕೈಬಿಟ್ಟುಹೋದ, ಮತ್ತೊಬ್ಬರು ಇಳಿದರು, ನಿನಗೇನಾಗಿತ್ತು ಎಂಬ ಮಾತು ವರ್ತಕನಿಗೂ ಕೇಳುವಷ್ಟು ಜೋರಾಗಿತ್ತು. ಆಕೆ ಹೂಂ ಎಂದಳು. ಹೌದು ಸರ್, ಎತ್ತರಕ್ಕೆ ಬಂದಾಗ ಕಾಣಲಿಲ್ಲ ಎಂದಳು. ಮತ್ತೇನನ್ನೂ ಸೇರಿಸಲಿಲ್ಲ. ಫೋನ್ ಇಟ್ಟಳು.

“ಕಂಡ ಮ್ಯಾಲೂ ಯಾಕ ಇಳಿಸಲಿಲ್ಲ?” ಎಂದ ವರ್ತಕ. “ನಿನ್ನ ಕಣ್ಣಿಗೂ ಕಂಡಾವು, ನೀನ ಹೇಳಿದಿ. ನನ್ನ ವರ್ಷ ಹೋತು ತಂಗಿ.”

ಆಕೆ ಸಿಟ್ಟಾಗಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

“ಮ್ಯಾಲೆ ಏಳೂದು ಅಂತ ಒಮ್ಮೆ ಕೈ ಹಾಕಿದ ಮ್ಯಾಲೆ ಮತ್ತ ಕೆಳಗ ಇಳಿಸೂದಿಲ್ರಿ. ದೀಪ ಕಂಡ್ರೂ ಇಲ್ಲ. ಅರ್ಧ ಏರಿ ಮನಸ್ಸು ಬದಲಿ ಮಾಡಿದವರು ಭಾಳ ಮಂದಿ ನೆಲಕ್ಕ ಬಡದಾರ. ಮತ್ತ ಆ ಎತ್ತರ ನಾನು ಬೆಳಿಗ್ಗೆ ನೆಲದ ಮ್ಯಾಲೆ ಕುಂತು ಗೊತ್ತು ಮಾಡಿದ್ದು. ಅಲ್ಲಿ ಮಂಜೂ ಇರಲಿಲ್ಲ, ನೀವೂ ಇರಲಿಲ್ಲ. ಗಾಳ್ಯಾಗಿನ ನನಗಿಂತ ನೆಲದ ಮ್ಯಾಲಿನ ನಾನು ಶಾಣ್ಯಾಕಿ ಅಂತ ನಂಬೀನ್ರಿ.”

“ಆ ಇನ್ನೊಬ್ಬ ಇಳದನಲ್ಲ?”

“ಇಳದ್ರು. ಚೊಲೊ ಆತು. ಅವರು ಇನ್ನೂ ಕೆಳಗ ಹೋಗೂದು ರೇಡಿಯೋದಾಗ ಗೊತ್ತಾತು. ಆವಾಗ ದೇವರಿಗೆ ಕೈ ಮುಗದೀನ್ರಿ, ಸುಖಾ ಮುಟ್ಟಲಿ ಅಂತ.”

ವರ್ತಕ ಬೆಂಚಿನ ಮೇಲೆ ಕೂತ.

ಅವನ ಪೇಟೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಈಗ ಎಲ್ಲ ಕಂಪ್ಯೂಟರಿನ ಮೇಲೆ ನಡೆದರೂ ಹಳಬರು ಬಿಟ್ಟಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಕೈ ಹಿಡಿಯುತ್ತಾರೆ. ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಒಪ್ಪಿ ಕೈ ಬಿಟ್ಟರೆ ಮುಗಿಯಿತು. ಮರುಗಳಿಗೆಗೆ ಬೆಲೆ ಆಕಾಶಕ್ಕೆ ಹೋಗಲಿ, ಪಾತಾಳಕ್ಕೆ ಬೀಳಲಿ, ಮತ್ತೆ ಟವೆಲ್ ಹಾಸುವಂತಿಲ್ಲ. ಹಾಸಿದವನ ಅಂಗಡಿಗೆ ಜನ ಹೋಗುವುದಿಲ್ಲ. ವರ್ತಕ ತನ್ನ ಆಯುಷ್ಯದಲ್ಲಿ ಹಾಗೆ ಎಷ್ಟೋ ಸಲ ಕಣ್ಣೆದುರಿಗೇ ಲಾಭ ಬಿಟ್ಟುಕೊಟ್ಟಿದ್ದ. ಅದನ್ನು ಯಾರೂ ಹೊಗಳಿರಲಿಲ್ಲ. ಅವನೂ ಅದನ್ನು ದೊಡ್ಡದೆಂದು ತಿಳಿದಿರಲಿಲ್ಲ. ವ್ಯಾಪಾರವೆಂದರೆ ಹಾಗೇ ಎಂದುಕೊಂಡಿದ್ದ.

ಈಗ ಅವನಿಗೆ ತಾನು ಏನು ಕೇಳಿದೆನೆಂದು ಹೊಳೆಯಿತು. ಕೈ ಬಿಟ್ಟಮೇಲೆ ಮತ್ತೆ ಟವೆಲ್ ಹಾಸು ಎಂದು ಈ ಹೆಂಗಸಿಗೆ ಹೇಳಿದ್ದ. ಅದೂ ನೆಲದಿಂದ ಒಂದಿಷ್ಟೇ ಮೇಲೆ, ಮೂರು ಜೀವ ಅವಳ ಕೈಯಲ್ಲಿದ್ದಾಗ. ಅವಳು ಹಾಸಲಿಲ್ಲ. ಗಿರಾಕಿ ಅತ್ತರೂ ಹಾಸಲಿಲ್ಲ, ಧಣಿ ಬೈದರೂ ಹಾಸಲಿಲ್ಲ, ದೀಪವೇ ಬಾ ಎಂದು ಕರೆದಾಗಲೂ ಹಾಸಲಿಲ್ಲ. ತಾನು ಬಿಟ್ಟುಕೊಟ್ಟದ್ದು ಬರೀ ಲಾಭ. ಇವಳ ಕೆಲಸದ ಮುಂದೆ ತನ್ನದು ಯಾವ ಲೆಕ್ಕ ಎನಿಸಿತು. ಅವಳ ಮೇಲೆ ಅವನಿಗೆ ಅಪಾರ ಗೌರವ ಬಂತು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಸಿಟ್ಟು ಮಾತ್ರ ಹೋಗಲಿಲ್ಲ. ವರ್ಷದ ವ್ಯಾಪಾರ ಕಳೆದುಕೊಂಡವನು, ಎಲ್ಲಿಗೆ ಹೋದೀತು?

“ನನಗ ಸಿಟ್ಟು ಇನ್ನೂ ಇಳಿದಿಲ್ಲವ್ವ,” ಎಂದ. “ಕೂಡು. ಚಹಾ ಕುಡಿ.”

ಆಕೆ ಕೂತಳು. ಇಬ್ಬರೂ ಚಹಾ ಕುಡಿದರು. ಅವನು ಒಂದು ಮಾದರಿಯ ಚೀಲ ಬಿಚ್ಚಿ, ಒಳ್ಳೆಯ ಮೆಣಸಿನಕಾಯಿಗಳನ್ನು ಆರಿಸಿ, ಕಾಗದದಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟ. ಮುದುಕ ಮೂಸಬೇಕಾಗಿದ್ದ ಮೆಣಸಿನಕಾಯಿ ಅದು. ಆಕೆ ಅಲ್ಲೇ ಒಂದನ್ನು ಮುರಿದು ಮೂಸಿ, ಬಣ್ಣ ಚೊಲೊ ಐತ್ರಿ ಎಂದಳು. ಆ ದಿನ ಅವನ ಮಾಲಿಗೆ ಸಿಕ್ಕ ಬೆಲೆ ಅಷ್ಟೇ.

ಎದುರಾಳಿಗೆ ಇಡೀ ವರ್ಷದ ಖರೀದಿ ಸಿಕ್ಕಿತು. ಅವನ ಪೈಲಟ್ಟಿನ ಗಂಡೆದೆಯ ಮಾತು ಪೇಟೆಯಲ್ಲೆಲ್ಲ ಹಬ್ಬಿತು. ನಮ್ಮ ವರ್ತಕ ಆ ಚಳಿಗಾಲವೆಲ್ಲ ಊರೂರು ತಿರುಗಿ, ಚೀಲ ಚೀಲವಾಗಿ ಮಾಲು ಸುರಿದ. ಮನೆಯಲ್ಲಿ ಆ ವರ್ಷ ಎಲ್ಲಕ್ಕೂ ಕೈ ಹಿಡಿತವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಕತೆ ಅರ್ಧಕ್ಕೇ ನಿಂತಂತೆ ಅನಿಸಿತು.

“ಗುರುಗಳೇ, ಆ ದಿನ ರನ್‌ವೇಯ ಮೇಲೆ ಏನಾದರೂ ಅಡ್ಡವಿತ್ತೇ? ಆಕೆ ಇಳಿದಿದ್ದರೆ ಅಪಾಯವಾಗುತ್ತಿತ್ತೇ?”

“ಏನೂ ಅಡ್ಡವಿರಲಿಲ್ಲ. ಇಳಿದಿದ್ದರೆ ಸುಖವಾಗಿ ಇಳಿಯುತ್ತಿದ್ದಳೇನೋ.”

“ಹಾಗಾದರೆ ಆ ಇನ್ನೊಬ್ಬ ಪೈಲಟ್ಟೇ ಜಾಣನಾದನಲ್ಲ? ಅವನು ಸಮಯ ಕಂಡ, ಇಳಿದ, ಗೆದ್ದ. ಈಕೆ ಗೆದ್ದದ್ದೇನು?”

ಗುರುಗಳು ಶಿಷ್ಯನ ಮುಖ ನೋಡಿದರು.

“ಅದೇ ಚಳಿಗಾಲ ಮುಗಿಯುವುದರೊಳಗೆ ಆ ವರ್ತಕ ಉತ್ತರದಲ್ಲಿದ್ದ ತನ್ನ ಬಾಣಂತಿ ಮಗಳನ್ನೂ ಹಸುಗೂಸನ್ನೂ ಅದೇ ಮಂಜಿನ ಹಾದಿಯಲ್ಲಿ ಮನೆಗೆ ಕರೆಸಿಕೊಳ್ಳಬೇಕಾಯಿತು. ಆ ಇಬ್ಬರು ಪೈಲಟ್ಟುಗಳಲ್ಲಿ ಯಾರನ್ನು ಕಳಿಸಿದ, ನೀನೇ ಹೇಳು.”